ಮೂರನೆಯ ನುಡಿಯನ್ನು ಬಿಟ್ಟವನು

ಅವನು ಹಾಡಿ ಮುಗಿಸುವಷ್ಟರಲ್ಲಿ ಮೈಕಿನ ತಲೆಗೆ ಹಾಕಿದ ಕಪ್ಪು ಸ್ಪಂಜು ಒದ್ದೆಯಾಗಿರುತ್ತಿತ್ತು. ಅದನ್ನು ಹಾಡುವುದು ಎನ್ನಬಾರದು. ಮೈಕನ್ನು ಬಾಯಿಗಿಟ್ಟುಕೊಂಡು ಚೀಪುವುದು ಎನ್ನಬೇಕು. ಕಣ್ಣು ಮುಚ್ಚಿ, ಎಡಗಡೆಯ ಹುಬ್ಬೊಂದನ್ನೇ ಹಣೆಯ ನಡುವಿನತನಕ ಏರಿಸಿ, ಆಮೆಯ ಹಾಗೆ ಕುತ್ತಿಗೆ ಮುಂದೆ ಚಾಚಿ ಅವನು ಸ್ವರ ಎಳೆಯತೊಡಗಿದರೆ, ಮುಂದಿನ ಚಾಪೆಯ ಮೇಲೆ ಕೂತ ಮಕ್ಕಳು ದೇವರನ್ನು ಬಿಟ್ಟು ಆ ಹುಬ್ಬನ್ನೇ ನೋಡುತ್ತಿದ್ದವು, ಯಾವಾಗ ಇಳಿದೀತು ಎಂದು. ಅವನ ನಂತರ ಅದೇ ಮೈಕಿನಲ್ಲಿ ಪ್ರಸಂಗ ಮಾಡಬೇಕಾದವರು ನಮ್ಮ ಸಭೆಯ ಪಾದ್ರಿಗಳು. ಅವರನ್ನು ನಾವು ಅಯ್ಯನವರು ಎನ್ನುತ್ತೇವೆ. ಅಯ್ಯನವರು ಜೇಬಿನಿಂದ ಕರವಸ್ತ್ರ ತೆಗೆದು ಸ್ಪಂಜನ್ನು ಒರೆಸುತ್ತಿದ್ದರು. ಒರೆಸಿದ ಕರವಸ್ತ್ರವನ್ನು ಮಾತ್ರ ಮತ್ತೆ ಜೇಬಿಗೆ ಹಾಕುತ್ತಿರಲಿಲ್ಲ, ಕುರ್ಚಿಯ ಕೈ ಮೇಲೆ ಬಿಡುತ್ತಿದ್ದರು.

ಎಲ್ಲರೂ ಅವನನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ಬ್ಯಾಂಡಿನ ಲೀಡರ್ ಎಂದರೆ ಬ್ರದರ್. ನನಗಿಂತ ಹತ್ತಾರು ವರ್ಷ ಚಿಕ್ಕವನು. ಅವನು ನನ್ನನ್ನು ಸಿಸ್ಟರ್ ಎನ್ನುತ್ತಿದ್ದ. ನಾನು ಕಲಿಸುವ ಸಿಂದಗಿಯ ಸರ್ಕಾರಿ ಶಾಲೆಯ ಮಕ್ಕಳಿಗೂ, ಸಭೆಯ ಹೆಂಗಸರಿಗೂ ನಾನು ಅಕ್ಕಾರು. ಅವನೊಬ್ಬನ ಬಾಯಲ್ಲಿ ಆಸ್ಪತ್ರೆಯ ನರ್ಸಿನ ಹಾಗೆ ಸಿಸ್ಟರ್. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರಿದ್ದರೆ ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ನನಗೆ ಅವನೆಂದರೆ ತಾತ್ಸಾರ. ಅವನು ಬದುಕಿದ್ದಾಗಲೂ ಇತ್ತು, ಈಗಲೂ ಹೆಚ್ಚು ಕಡಿಮೆ ಅಷ್ಟೇ ಇದೆ.

ಅವನು ಇಂಡಿ ಊರಿನವನು. ಸೋಲಾಪುರದ ಕಡೆ ಮದುವೆಯ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ಹಾಡಿಕೊಂಡಿದ್ದ. ಒಂದು ದಿನ ಪ್ರಾರ್ಥನಾಕೂಟದಲ್ಲಿ ಮನಸ್ಸು ತಿರುಗಿ ದೇವರ ಕಡೆ ಬಂದನಂತೆ. ದೇವರ ಕಡೆ ಬಂದವನು ಆರ್ಕೆಸ್ಟ್ರಾವನ್ನು ಸೋಲಾಪುರದಲ್ಲೇ ಬಿಟ್ಟು ಬರಬಹುದಿತ್ತು. ಹಾಗೆ ಮಾಡದೆ, ಬಿಳಿ ಬೂಟು, ಚಮಕಿ ಹಚ್ಚಿದ ಜಾಕೀಟು, ಹೊಗೆ ಬಿಡುವ ಒಂದು ಯಂತ್ರ ಎಲ್ಲವನ್ನೂ ಹೊತ್ತು ತಂದ. ಆ ಯಂತ್ರವನ್ನು ಮೊದಲ ಸಲ ನಾವು ದೇವಾಲಯ ಎನ್ನುವ ನಮ್ಮ ಸಿಂದಗಿಯ ಚಿಕ್ಕ ಚರ್ಚಿನಲ್ಲಿ ಹಚ್ಚಿದಾಗ ಹಿಂದೆ ಕೂತಿದ್ದ ಅಜ್ಜನೊಬ್ಬ "ಬೆಂಕಿ ಬಿತ್ತ್ರಿ, ಬೆಂಕಿ!" ಎಂದು ಎದ್ದು ಹೊರಗೋಡಿದ. ಅಯ್ಯನವರು ಹೊಗೆಯೊಳಗೆ ಕಾಣಿಸದೇ ಹೋದರು. ಅವರ ಕೆಮ್ಮು ಮಾತ್ರ ಕೇಳುತ್ತಿತ್ತು.

ಅವನ ಬಾಯಲ್ಲಿ ಎರಡೇ ಮಾತು. ಒಂದು, "ಫೀಲ್ ಬರಬೇಕ್ರಿ ಸಿಸ್ಟರ್, ಫೀಲ್!" ಇನ್ನೊಂದು, "ಆಡಿಯನ್ಸ್‌ಗೆ ಏನ್ ಬೇಕು ಅದನ್ನ ಕೊಡಬೇಕ್ರಿ." ಈ ಆಡಿಯನ್ಸ್ ಎಂದರೆ ಯಾರು? ಇಂಗಳೇಶ್ವರ, ಗೊಳಸಂಗಿ, ತಂಗಡಗಿಯಂಥ ಊರುಗಳಿಂದ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬರುವ ನಮ್ಮ ಹೆಂಗಸರು. ಅವರನ್ನು ಅವನು ಟಿಕೇಟು ತೆಗೆದು ಬಂದವರ ಲೆಕ್ಕಕ್ಕೆ ಹಿಡಿದಿದ್ದ.

ನಮ್ಮ ಅಪ್ಪ ಗೊಳಸಂಗಿ ಸುತ್ತಲಿನ ಹಳ್ಳಿಗಳಿಗೆ ಉಪದೇಶಿಯಾಗಿದ್ದವರು. ಊರಿಂದೂರಿಗೆ ನಡೆದು ಹೋಗಿ ಬೈಬಲ್ ಓದಿ, ಹಾಡು ಕಲಿಸಿ ಬರುವುದು ಅವರ ಕೆಲಸ. ಹಾರ್ಮೋನಿಯಂ ನನಗೆ ಅವರಿಂದಲೇ ಬಂತು. ಆಮೇಲೆ ನಾನು ವಿಜಾಪುರಕ್ಕೆ ಹೋಗಿ ಸಂಗೀತದ ಪರೀಕ್ಷೆಗಳನ್ನೂ ಕಟ್ಟಿದೆ. ಅಪ್ಪ ಕಲಿಸಿದ ಹಾಡುಗಳಲ್ಲಿ ಒಂದು, ಸತ್ತ ಸ್ವಾಮಿ ಎದ್ದುಬಂದ ಈಸ್ಟರ್ ಹಬ್ಬದ್ದು. ಧಾಟಿ ಯಾವುದೋ ಕಾಲದಲ್ಲಿ ಪರದೇಶದ ಪಾದ್ರಿಗಳ ಜೊತೆ ಹಡಗಿನಲ್ಲಿ ಬಂದದ್ದು. ಮಾತು ಇಲ್ಲಿಯವರೇ ಯಾರೋ ಕಟ್ಟಿದ್ದು. ನೂರಾರು ಬಾಯಿ ತಿರುಗಿ ತಿರುಗಿ ಆ ಧಾಟಿ ನಮ್ಮ ಭಜನೆಯ ಹಾಗೆ ಬಾಗಿ, ಎರೆಮಣ್ಣಿನ ಹಾಗೆ ಕಾಲಿಗೆ ಹತ್ತುವಂತಾಗಿತ್ತು. ಈಸ್ಟರಿನ ದಿನ ಹೊತ್ತು ಮೂಡುವ ಮೊದಲು ನಾವು ಸಮಾಧಿಗಳಿರುವ ಜಾಗಕ್ಕೆ ನಡೆದು ಹೋಗುತ್ತೇವೆ. ನಮ್ಮ ನಮ್ಮ ಮಣ್ಣಿನ ಗುಡ್ಡೆಗಳ ಮೇಲೆ ಮೇಣದ ಬತ್ತಿ ಹಚ್ಚುತ್ತೇವೆ. ಹೋಗುವಾಗ ದಾರಿಯುದ್ದಕ್ಕೂ ಈ ಹಾಡು.

ಹಾಡಿನದು ಮೂರು ಎಣಿಕೆಯ ನಡೆ. ಮೊದಲ ಮಾತೇ 'ಮರಣ ಸೋತಿತು'. ಮ, ರ, ಣ: ಮೂರಕ್ಷರ, ಮೂರು ಎಣಿಕೆ. ಕೊರೆದಿಟ್ಟ ಹಾಗೆ ಕೂತಿತ್ತು. ನಾಲ್ಕು ನುಡಿಗಳಲ್ಲಿ ಮೂರನೆಯದು ಹೆಂಗಸರದು. ಸುಗಂಧದ ಎಣ್ಣೆ ಹಿಡಿದು ಕತ್ತಲಲ್ಲಿ ಸ್ವಾಮಿಯ ಸಮಾಧಿಗೆ ಹೊರಟ ಹೆಂಗಸರು, ಅಷ್ಟು ದೊಡ್ಡ ಕಲ್ಲನ್ನು ನಮಗಾಗಿ ಸರಿಸುವವರು ಯಾರು ಎಂದು ದಾರಿಯಲ್ಲಿ ಅಳುತ್ತಾ ಮಾತಾಡಿಕೊಳ್ಳುವ ನುಡಿ. ಅದು ಬಂದಾಗ ಗಂಡಸರು ತಾವಾಗಿಯೇ ದನಿ ತಗ್ಗಿಸುತ್ತಾರೆ. ಗಂಡನನ್ನು, ಮಕ್ಕಳನ್ನು ಮಣ್ಣಿಗೆ ಕೊಟ್ಟ ಹೆಂಗಸರು ಹಾಡುತ್ತಾರೆ. ನಮ್ಮ ಅವ್ವ ವರ್ಷದಲ್ಲಿ ಅದೊಂದು ಬೆಳಿಗ್ಗೆ ಮಾತ್ರ ಅಪ್ಪನಿಗಾಗಿ ಅಳುತ್ತಿದ್ದಳು, ಆ ನುಡಿಯಲ್ಲಿ.

ಆ ವರ್ಷ ಅಯ್ಯನವರು ಒಂದು ಹೊಸ ವಿಚಾರ ತೆಗೆದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆಯ ಸಣ್ಣ ಸಭೆಗಳು ಸೇರಿ ಬಾಗೇವಾಡಿಯಲ್ಲಿ ಒಂದೇ ಈಸ್ಟರ್ ಮಾಡಬೇಕು. ಹುಡುಗರು ಬರುವುದಿಲ್ಲ, ಮುದುಕರೇ ಬರುತ್ತಾರೆ ಎಂಬ ಚಿಂತೆ ಅವರಿಗೆ. ಅದಕ್ಕೆ ಬ್ರದರ್‌ನ ಬ್ಯಾಂಡ್ ಬೇಕು, ಆ ಬ್ಯಾಂಡು ಹಳೆಯ ಹಾಡನ್ನೇ ಹೊಸದಾಗಿ ಬಾರಿಸಬೇಕು. ಧಾಟಿಯನ್ನು ಬ್ಯಾಂಡಿಗೆ ಹೇಳಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ತಾಲೀಮಿನಲ್ಲೇ ನಾನು ಪೂರ್ತಿ ಹಾಡಿ ತೋರಿಸಿದೆ. ಅವನು ಕಣ್ಣು ಮುಚ್ಚಿ, ಹುಬ್ಬು ಏರಿಸಿ ಕೇಳಿದ. ಮುಗಿದ ಮೇಲೆ ಹೇಳಿದ:

"ಛಲೋ ಐತ್ರಿ ಸಿಸ್ಟರ್. ಸ್ವಲ್ಪ ಸ್ಲೋ ಐಟಮ್ ಐತಿ. ಇದನ್ನ ಎಬ್ಬಸಬೇಕು."

"ಎಬ್ಬಸಾಕ ಅದೇನ್ ಮಲಗೇತೇನ್ರಿ?" ಎಂದೆ.

"ಮೂರರ ನಡಿ ಅಂದ್ರ ತೊಟ್ಟಿಲಾ ತೂಗಿದಂಗ ಆಗ್ತೈತ್ರಿ. ನಾಕಕ್ಕ ಹಾಕೂನು. ಚಪ್ಪಾಳಿ ಕೂಡ್ತಾವು."

ನಾಲ್ಕಕ್ಕೆ ಹಾಕಿದ. ಮೂರಕ್ಷರದ ಮರಣಕ್ಕೆ ನಾಲ್ಕು ಎಣಿಕೆ ಕೊಟ್ಟರೆ ಒಂದು ಎಣಿಕೆ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಅದನ್ನು ತುಂಬಲು ಅವನು ಮಾಡಿದ ಉಪಾಯ ಕೇಳಿ: ಮಾತನ್ನು ಎರಡಾಗಿ ಮುರಿದು, ಮೊದಲ ತುಂಡನ್ನೇ ಮತ್ತೆ ಮತ್ತೆ ಬಾರಿಸಿದ. "ಮರ! ಮರ! ಮರ ಮರ ಮರಣ!" ಹುಡುಗರು ಕೈ ಮೇಲೆತ್ತಿ ಚಪ್ಪಾಳೆ ಹೊಡೆದರು. ನಮ್ಮ ಕಡೆ ಬೇರು ಬಿಟ್ಟು ನಿಂತದ್ದು ಗಿಡ. ಮರ ಎಂದರೆ ಕಾಳು ಕೇರುವ ಮರ. ಬಾಗಿಲಲ್ಲಿ ಕೂತು ಕೇಳುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ಹತ್ತಿರ ಕರೆದು, "ಅಕ್ಕಾರ, ಮರಾ ಮರಾ ಅನ್ನಾಕತ್ತಾರಲ್ರಿ, ಈಸ್ಟರಿಗೆ ಜ್ವಾಳಾ ಹಸನ ಮಾಡೂದೈತೇನ್ರಿ?" ಎಂದು ಕೇಳಿದಳು. ಅವಳು ಹಾಸ್ಯಕ್ಕೆ ಕೇಳಿದ್ದಲ್ಲ.

ಇದನ್ನು ಅವನಿಗೆ ಹೇಳಿದೆ. ಅವನು ನಕ್ಕ. "ನೋಡ್ರಿ, ಅಜ್ಜಿಗೂ ನೆನಪ ಉಳೀತಲ್ಲ!" ಎಂದ. ಇಂಥವನೊಡನೆ ಏನು ವಾದಿಸುವುದು?

ನಿಜವಾದ ಜಗಳ ಆದದ್ದು ಮೂರನೆಯ ನುಡಿಗೆ. ಒಂದು ಸಂಜೆ ತಾಲೀಮಿಗೆ ಬಂದು ನೋಡುತ್ತೇನೆ, ಎರಡನೆಯ ನುಡಿ ಮುಗಿದ ಕೂಡಲೇ ಗಿಟಾರು ಕಿರುಚಿ, ಡ್ರಮ್ಮು ಉರುಳಿ, ನೇರ ನಾಲ್ಕನೆಯ ನುಡಿಗೆ ಹಾರಿತು.

"ಮೂರನೇದು ಎಲ್ಲಿ ಹೋತ್ರಿ ಬ್ರದರ್?"

"ತಗದೇನ್ರಿ."

"ಯಾಕ?"

"ಹಬ್ಬದ ದಿನಾ ಅಳೂದು ಯಾಕ್ರಿ? ಎನರ್ಜಿ ಕೆಳಗ ಬೀಳ್ತೈತಿ."

"ಅದು ಹೆಂಗಸರ ನುಡಿ. ಅದನ್ನ ತಗದ್ರ ಹಾಡಿನ ಕರುಳ ತಗದಂಗ. ನಿಮಗ ತಗಿಯಾಕ ಅಧಿಕಾರಾ ಕೊಟ್ಟಾವ್ರ ಯಾರು?"

ಅವನು ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದ: "ಸಿಸ್ಟರ್, ನೀವು ಸಂಗೀತ ಓದೀರಿ, ಜನರ್ನ ಓದಿಲ್ಲ."

ಪರೀಕ್ಷೆ ಪಾಸಾದ ನನಗೆ, ಮದುವೆಯ ಊಟದ ಸದ್ದಿನಲ್ಲಿ ಹಾಡಿ ಕಲಿತವನು ಹೇಳಿದ ಮಾತು! ನಾನು ಹಾರ್ಮೋನಿಯಂ ಮುಚ್ಚಿ ಎದ್ದು ಬಂದೆ. ಅಯ್ಯನವರ ಹತ್ತಿರ ಹೋಗಿ ದೂರು ಹೇಳಿದೆ. ಅವರು ಮೃದು ಮನುಷ್ಯ. "ಇದೊಂದು ವರ್ಷ ನಡಸೂನ್ರಿ ಅಕ್ಕಾರ. ಹುಡುಗರು ಬರಾಕತ್ತಾರ ನೋಡ್ರಿ," ಎಂದರು. ಬರುತ್ತಿದ್ದರು, ಅದು ಸುಳ್ಳಲ್ಲ. ತಾಲೀಮು ನೋಡಲು ಮುದ್ದೇಬಿಹಾಳದಿಂದ ಬೈಕಿನ ಮೇಲೆ ಮೂರು ಮೂರು ಜನ ಬರುತ್ತಿದ್ದರು. ಬೆಲ್ಲ ಇಟ್ಟಲ್ಲಿ ಇರುವೆ ಬರುತ್ತದೆ. ಅದರಿಂದ ಬೆಲ್ಲ ನೈವೇದ್ಯವಾಗುತ್ತದೆಯೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ಮಾತು ಮಾತ್ರ ಒಪ್ಪಬೇಕು. ಡ್ರಮ್ ಬಾರಿಸಲು ಬರುತ್ತಿದ್ದವನು ಮುದ್ದೇಬಿಹಾಳದ ರಫೀಕ್. ಮದುವೆಗಳಲ್ಲಿ ಬಾರಿಸುವುದೇ ಅವನ ಕಸುಬು, ಎರಡು ಮಕ್ಕಳ ತಂದೆ. ಆ ವರ್ಷ ಈಸ್ಟರಿಗೆ ಮುಂಚಿನ ನಮ್ಮ ಶ್ರಮೆಯ ಉಪವಾಸದ ದಿನಗಳೂ ಅವರ ರಮಜಾನೂ ಒಟ್ಟಿಗೆ ಬಂದಿದ್ದವು. ಸಂಜೆ ತಾಲೀಮಿನ ನಡುವೆ, ಮಸೀದಿಯ ಬಾಂಗು ಕೇಳಿಸಲು ಇನ್ನೇನು ಒಂದು ಗಳಿಗೆ ಇದೆ ಎನ್ನುವಾಗ, ಬ್ರದರ್ ಎಂಥ ಸಾಲಿನಲ್ಲಿದ್ದರೂ ಕೈಯೆತ್ತಿ ನಿಲ್ಲಿಸಿಬಿಡುತ್ತಿದ್ದ. ಚೀಲದಿಂದ ಖರ್ಜೂರದ ಪೊಟ್ಟಣ ತೆಗೆದು ರಫೀಕನ ಮುಂದೆ ಇಡುತ್ತಿದ್ದ. ತಾನೂ ಬೆಳಗಿನಿಂದ ಉಪವಾಸವಿದ್ದವನ ಹಾಗೆ ಪಕ್ಕದಲ್ಲಿ ಕೂತು ತಿನ್ನುತ್ತಿದ್ದ. ಅವನು ತಾಳಕ್ಕೆ ಸರಿಯಾಗಿ ನಿಲ್ಲಿಸುತ್ತಿದ್ದದ್ದು ಅದೊಂದನ್ನೇ.

ಈಸ್ಟರ್ ಬಂತು. ನಾನು ಅವ್ವನನ್ನು ಕರೆದುಕೊಂಡು ಹಿಂದಿನ ದಿನವೇ ಬಾಗೇವಾಡಿಗೆ ಹೋಗಿದ್ದೆ. ನಸುಕಿನಲ್ಲಿ ಎದ್ದು ಹೊರಬಂದರೆ ದೇವಾಲಯದ ಮುಂದೆ ಒಂದು ಟ್ರ್ಯಾಕ್ಟರು ನಿಂತಿದೆ. ಅದರ ಟ್ರಾಲಿಯ ಮೇಲೆ ಆಳೆತ್ತರದ ಸ್ಪೀಕರುಗಳು, ಜನರೇಟರು, ಬಣ್ಣ ಬಣ್ಣದ ದೀಪ, ನಡುವೆ ರಫೀಕನ ಡ್ರಮ್ಮು. ಗಣಪತಿಯನ್ನು ನೀರಿಗೆ ಬಿಡಲು ಹೋಗುವವರ ಗಾಡಿಯ ಹಾಗಿತ್ತು. ಅದರ ತುದಿಯಲ್ಲಿ ಬಿಳಿ ಬೂಟಿನ ಬ್ರದರ್. ಸತ್ತವರನ್ನು ಎಬ್ಬಿಸುವುದು ದೇವರ ಕೆಲಸ ಎಂದು ನಾನು ತಿಳಿದಿದ್ದೆ. ಅವನು ಅದನ್ನು ಸ್ಪೀಕರಿಗೆ ವಹಿಸಿದ್ದ.

"ಹ್ಯಾಪಿ ಈಸ್ಟರ್ ಸಿಸ್ಟರ್!" ಎಂದು ಮೇಲಿಂದಲೇ ಕೂಗಿದ. ನಾನು ಅವ್ವನನ್ನು ಕರೆದುಕೊಂಡು ಹೆಂಗಸರ ಗುಂಪಿಗೆ ಸೇರಿಕೊಂಡೆ.

ಮೆರವಣಿಗೆ ಹೊರಟಿತು. ಮುಂದೆ ಟ್ರ್ಯಾಕ್ಟರು, ಅದರ ಸುತ್ತ ಕುಣಿಯುವ ಹುಡುಗರು, ಅವರ ಹಿಂದೆ ಅಯ್ಯನವರು, ಎಲ್ಲರ ಹಿಂದೆ ನಾವು ಹೆಂಗಸರು. ಮರ ಮರ ಎನ್ನುವ ಸದ್ದಿಗೆ ಬಾಗಿಲುಗಳು ತೆರೆದುಕೊಂಡವು, ನಾಯಿಗಳು ಎದ್ದು ಓಡಿದವು. ಅವ್ವ ನನ್ನ ಕೈ ಹಿಡಿದು ಸುಮ್ಮನೆ ನಡೆಯುತ್ತಿದ್ದಳು. ಅವಳ ಬಾಯಿ ಹಾಡಿಗೆ ಕೂಡುತ್ತಿರಲಿಲ್ಲ. ಕೂಡಲು ಅಲ್ಲಿ ಜಾಗವೇ ಇರಲಿಲ್ಲ.

ಒಂದು ತಿರುವು ದಾಟಿದಾಗ ಸದ್ದು ಒಮ್ಮೆಲೇ ನಿಂತಿತು. ಗಿಟಾರು, ಡ್ರಮ್ಮು, ಕೊನೆಗೆ ಜನರೇಟರು ಕೂಡ. ಕೆಟ್ಟಿತೇನೋ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಮುಂದೆ ಹೋಗಿ ನೋಡಿದೆ. ದಾರಿಯ ಪಕ್ಕದ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಗೋಡೆಗೆ ಆನಿಸಿ ಒಬ್ಬ ಮುದುಕಿಯ ಶವವನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಸುತ್ತ ಹೆಂಗಸರು. ಭಜನೆ ಮಾಡಿ ಸುಸ್ತಾದ ಗಂಡಸರು ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಗಾಡಿಯ ದೀಪಗಳನ್ನು ನೋಡುತ್ತಿದ್ದರು.

ಬ್ರದರ್ ಟ್ರಾಲಿಯಿಂದ ಜಿಗಿದಿದ್ದ. ಕೂತು ಬೂಟು ಬಿಚ್ಚಿದ. ಬರಿಗಾಲಲ್ಲಿ ಶಾಮಿಯಾನದ ಅಂಚಿಗೆ ಹೋಗಿ ನಿಂತ.

ಮನೆಯ ಹಿರಿಯರೊಬ್ಬರು ಎದ್ದು ಬಂದರು. "ಯಾಕ ಬಂದ್ ಮಾಡಿದ್ರಿ? ನಿಮ್ಮದು ಹಬ್ಬ ಐತಿ. ನೀವು ಹೋಗ್ರಿ, ನಾವೇನೂ ಅನಕೊಳ್ಳಂಗಿಲ್ಲ."

"ಗೊತ್ತಿದ್ದಿಲ್ರಿ ಯಜಮಾನ್ರ, ತಪ್ಪಾತ್ರಿ," ಎಂದ ಬ್ರದರ್. ಮೈಕಿಲ್ಲದೆ ಅವನ ದನಿ ಇಷ್ಟು ಸಣ್ಣದೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. "ತಾಯಾರ ಮುಂದ ಒಂದು ನುಡಿ ಹಾಡಿ ಹೋಗ್ತೇವ್ರಿ. ನಡೀತೈತೇನ್ರಿ?"

ಹಿರಿಯರು ಹಿಂದೆ ತಿರುಗಿ ಹೆಂಗಸರ ಕಡೆ ನೋಡಿದರು. ಒಳಗಿನಿಂದ ಯಾರೋ ಹೆಂಗಸು, "ಹಾಡ್ಲಿ ಬಿಡ್ರಿ, ಹಾಡೂದಕ್ಕ ಯಾರ ಬ್ಯಾಡಂತಾರ," ಎಂದಳು.

ಅವನು ಹಾಡಿದ. ಮೂರನೆಯ ನುಡಿ. ಮೂರು ಎಣಿಕೆಯಲ್ಲಿ, ಅಪ್ಪ ಹೇಳಿಕೊಡುತ್ತಿದ್ದ ಹಾಗೆ, ಹೆಂಗಸರು ದಾರಿಯಲ್ಲಿ ನಿಂತು ನಿಂತು ನಡೆದ ಹಾಗೆ. ಚೆನ್ನಾಗಿ ಹಾಡಿದ ಎಂದು ಬರೆದರೆ ಸುಳ್ಳಾಗುತ್ತದೆ. ಎರಡನೆಯ ಸಾಲಿನಲ್ಲಿ ಶ್ರುತಿ ಇಳಿಯಿತು, ಮಾತಿನ ನಡುವೆಯೇ ಉಸಿರು ತೆಗೆದುಕೊಂಡ. ಆದರೆ ಹುಬ್ಬು ಏರಿರಲಿಲ್ಲ. ಕಣ್ಣು ತೆರೆದಿದ್ದವು. 'ಕಲ್ಲ ಸರಿಸುವರಾರು' ಎನ್ನುವಲ್ಲಿಗೆ ಬರುವಷ್ಟರಲ್ಲಿ ನನ್ನ ಪಕ್ಕದಲ್ಲಿ ಅವ್ವ ಬಾಯಿ ತೆರೆದಿದ್ದಳು. ಒಬ್ಬೊಬ್ಬರಾಗಿ ನಮ್ಮ ಹೆಂಗಸರೆಲ್ಲ ಕೂಡಿಕೊಂಡರು. ನಾನೂ ಕೂಡಿಕೊಂಡೆ. ಆ ಕಡೆ ಕೂತ ಹೆಂಗಸರಿಗೆ ನಮ್ಮ ಹಾಡು ಗೊತ್ತಿಲ್ಲ, ಅದರ ಕಥೆಯೂ ಗೊತ್ತಿಲ್ಲ. ಅವರು ಶವದ ಕಾಲು ಹಿಡಿದುಕೊಂಡು ಅತ್ತರು. ಭಜನೆಯವರಲ್ಲೊಬ್ಬ ತಾಳವನ್ನು ತಾಗಿಸಿಯೂ ತಾಗಿಸದ ಹಾಗೆ ಮೂರಕ್ಕೆ ಹಾಕುತ್ತಿದ್ದ.

ನುಡಿ ಮುಗಿಯಿತು. ಬ್ರದರ್ ಕೈ ಮುಗಿದ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದ. ಟ್ರ್ಯಾಕ್ಟರು ಸದ್ದಿಲ್ಲದೆ ಹಿಂದೆ ಬಂತು. ನನ್ನ ತಾತ್ಸಾರ ಅಲ್ಲಿಗೇ ಕರಗಿಹೋಗುತ್ತಿತ್ತೋ ಏನೋ. ಆದರೆ ಆ ಮನೆ ಮರೆಯಾಗಿ, ಇನ್ನೊಂದು ತಿರುವು ದಾಟಿದ್ದೇ ತಡ, ಅವನು ಟ್ರಾಲಿ ಹತ್ತಿ ಬೂಟು ಹಾಕಿಕೊಂಡು "ಒನ್, ಟೂ, ತ್ರೀ, ಫೋರ್!" ಎಂದು ಕೂಗಿ ಮತ್ತೆ ಅದೇ ಮರ ಹಿಡಿದು ಕೇರತೊಡಗಿದ. ಸ್ಪಂಜು ಮತ್ತೆ ಒದ್ದೆ. ಹುಬ್ಬು ಮತ್ತೆ ಹಣೆಯ ಮೇಲೆ.

ಆ ದಿನದ ಹಾಡು ಊರೂರಿನ ಹುಡುಗರ ಫೋನುಗಳಲ್ಲಿ ಹರಿದಾಡಿತು. ಟ್ರಾಲಿಯ ಮೇಲಿನದು ಮಾತ್ರ. ಶಾಮಿಯಾನದ ಮುಂದಿನದನ್ನು ಯಾರೂ ಫೋನಿನಲ್ಲಿ ಹಿಡಿದಿರಲಿಲ್ಲ. ಬ್ರದರ್‌ನ ಹೆಸರು ದೊಡ್ಡದಾಯಿತು. ಸುತ್ತಮುತ್ತಲಿನ ಪಟ್ಟಣಗಳಿಂದ ಕರೆ ಬರತೊಡಗಿದವು. ಬಹಳ ದಿನ ಅವನ ಜೊತೆಗೆ ನಾನು ಮಾತಾಡಲಿಲ್ಲ. ಆ ನುಡಿಯನ್ನು ಗೊತ್ತಿಲ್ಲದೆ ಕಡಿದಿದ್ದಾನೆ ಎಂದುಕೊಂಡಷ್ಟು ದಿನ ಅವನು ದಡ್ಡನಾಗಿದ್ದ. ಗೊತ್ತಿದ್ದೂ ಕಡಿದಿದ್ದಾನೆ ಎಂದಾದ ಮೇಲೆ ನನಗೆ ಅವನ ಮೇಲಿನ ಸಿಟ್ಟು ಇನ್ನೂ ಹೆಚ್ಚಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಕಾಮಣಿಯಾಯಿತು. ಕಣ್ಣು ಹಳದಿ, ಉಗುರು ಹಳದಿ. ಆ ಸ್ಥಿತಿಯಲ್ಲೇ ಒಂದು ದೊಡ್ಡ ಕೂಟದಲ್ಲಿ ವೇದಿಕೆ ಹತ್ತಿ, ದೇವರು ನನ್ನ ರೋಗ ತೆಗೆದುಬಿಟ್ಟ, ಔಷಧ ಬಿಟ್ಟಿದ್ದೇನೆ ಎಂದು ಸಾಕ್ಷಿ ಹೇಳಿದನಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆಡಿಯನ್ಸ್‌ಗೆ ಬೇಕಾದದ್ದನ್ನು ಕೊಟ್ಟಿದ್ದಾನೆ ಎಂದುಕೊಂಡೆ.

ಕೆಲವು ವಾರಗಳ ಮೇಲೆ ಅವನ ಹೆಂಡತಿ ಫೋನ್ ಮಾಡಿದಳು. ನಾನು ಅವಳನ್ನು ಸರಿಯಾಗಿ ಮಾತಾಡಿಸಿದವಳೂ ಅಲ್ಲ. "ಅಕ್ಕಾರ, ಯಾರ ಮಾತೂ ಕೇಳವಲ್ಲರು. ನಿಮಗ ಅಂಜತಾರ. ಒಂದ್ ಸಲ ಬರ್ರಿ," ಎಂದಳು. ಶಾಲೆಗೆ ರಜೆ ಹಾಕಿ ಇಂಡಿಯ ಬಸ್ಸು ಹತ್ತಿದೆ.

ಅವನು ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು. ನನ್ನನ್ನು ನೋಡಿ ಏಳಲು ಹೋದ.

"ದವಾಖಾನಿಗೆ ಯಾಕ ಹೋಗಿಲ್ಲ?" ಎಂದೆ.

"ಗುಣ ಆಗೇತಂತ ಸಾಕ್ಷಿ ಹೇಳೇನ್ರಿ ಸಿಸ್ಟರ್. ಈಗ ಸಲಾಯಿನ್ ಹಚ್ಚಗೊಂಡ ಮಲಗಿದ್ರ ಜನಾ ಏನಂದಾರು? ನಂಬಿದವ್ರ ನಂಬಿಕಿ ಹೋಗ್ತೈತ್ರಿ."

ನನಗೆ ಉರಿದುಹೋಯಿತು. "ಸುಡ್ಲಿ ನಿನ್ನ ಸಾಕ್ಷಿ! ನಿನ್ನ ನಾಟಕಕ್ಕ ದೇವರ್ನ ಯಾಕ ಪಾತ್ರಾ ಮಾಡ್ತಿ? ಏಳು, ಈಗಿಂದೀಗ ವಿಜಾಪುರಕ್ಕ ಹೋಗೂನು."

ಅವನು ಆ ಹಳದಿ ಮುಖದಲ್ಲೇ ನಕ್ಕ. "ಮೊದಲನೇ ಸಲ 'ನೀ' ಅಂದ್ರಿ ನೋಡ್ರಿ."

ಅವನ ಹೆಂಡತಿ ಕಾರಿಗೆ ಹೇಳಿಬರಲು ಓಡಿದಳು. ನಾನು ಹೊರಸಿನ ಪಕ್ಕ ಕೂತೆ. ಕೇಳಬಾರದ ಹೊತ್ತಾದರೂ ಕೇಳಿಯೇಬಿಟ್ಟೆ: "ಮೂರನೇ ನುಡಿ ನಿನಗ ಗೊತ್ತಿತ್ತಲ್ಲ. ಯಾಕ ತಗದಿ?"

"ನಮ್ಮವ್ವ ಹಾಡತಿದ್ಲ್ರಿ. ಬೀಸೂಮುಂದ, ರೊಟ್ಟಿ ಬಡಿಯೂಮುಂದ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮುಂದುವರಿಸಿದ. "ಅದು ಸ್ಟೇಜಿಂದಲ್ರಿ ಸಿಸ್ಟರ್. ಉಳದದ್ದೆಲ್ಲಾ ನಾ ಮೈಕಿನ್ಯಾಗ ಹಾಡ್ತೇನಿ, ಕುಣೀತೇನಿ. ಅದನ್ನ ಮೈಕಿನ್ಯಾಗ ಹಾಡಿದ್ರ ನಾ ಅತ್ತಂಗ ಮಾಡ್ತೇನಿ. ಅಳಂಗಿಲ್ಲ, ಅತ್ತಂಗ ಮಾಡ್ತೇನಿ. ನನ್ನ ಬುದ್ಧಿ ನನಗ ಗೊತ್ತೈತ್ರಿ. ಅದಕ್ಕ ಬಿಟ್ಟೆ."

"ಅವತ್ತ ಹಂಗ ಹೇಳೂದೇನಾಗಿತ್ತು? ಎನರ್ಜಿ ಅಂತ ಏನೇನೋ ಒದರಿದಿ."

"ಹುಡುಗರ ಮುಂದ ಹೆಂಗ ಹೇಳ್ಲ್ರಿ?" ಎಂದ.

ಅದೇ ದಿನ ಅವನನ್ನು ವಿಜಾಪುರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಅವನ ಕಣ್ಣ ರೆಪ್ಪೆ ಬಿಡಿಸಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಬೈದರು. ಅವನು ಬದುಕಲಿಲ್ಲ. ಮೊದಲೇ ತಂದಿದ್ದರೆ ಉಳಿಯುತ್ತಿದ್ದ ಎಂದು ಅವರು ಹೇಳಿದ್ದನ್ನು ನಾನು ಅವನ ಹೆಂಡತಿಗೆ ಹೇಳಲಿಲ್ಲ. ಜನರನ್ನು ಓದಿದ್ದೇನೆ ಎಂದವನು ಜನರ ಬಾಯಿಗೆ ಹೆದರಿ ಸತ್ತ. ಇಷ್ಟು ಹಗುರವಾದ ಕಾರಣಕ್ಕೆ ಪ್ರಾಣ ಬಿಟ್ಟವನನ್ನು ಗೌರವಿಸು ಎಂದರೆ ನನ್ನಿಂದಾಗದು. ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಮಣ್ಣಿಗೆ ಬಂದಿದ್ದರೋ ನಾನು ನೋಡಲಿಲ್ಲ. ರಫೀಕ್ ಬಂದಿದ್ದ. ಗುದ್ದಲಿ ಹಿಡಿದು ಎಲ್ಲರಿಗಿಂತ ಹೆಚ್ಚು ಹೊತ್ತು ಮಣ್ಣು ಎಳೆದವನು ಅವನೇ.

ಮುಂದಿನ ಈಸ್ಟರನ್ನು ಇಂಡಿಯಲ್ಲಿ ಮಾಡುವುದೆಂದಾಯಿತು. ಬ್ಯಾಂಡಿನ ಹುಡುಗರು ನನ್ನ ಮನೆಗೆ ಬಂದು, ಅಕ್ಕಾರ, ಹಾಡು ನೀವೇ ಕೂಡಿಸಿಕೊಡಿ ಎಂದರು. ಕೂಡಿಸಿಕೊಟ್ಟೆ. ಹೊಗೆಯ ಯಂತ್ರವನ್ನು ಮೊದಲು ಹೊರಗೆ ಹಾಕಿಸಿದೆ. ನಾಲ್ಕರ ನಡೆ ತೆಗೆದು ಮೂರಕ್ಕೆ ತಂದೆ. ರಫೀಕ್ ಡ್ರಮ್ಮಿನ ಕೋಲು ಬಿಟ್ಟು, ಗದ್ದಲವಿಲ್ಲದೆ ಬರಿಗೈಯಲ್ಲೇ ಆ ನಡೆಯನ್ನು ಹಿಡಿದ. ಗಿಟಾರಿನವನಿಗೆ ಎರಡು ಸ್ವರಗಳ ನಡುವೆ ಸುಮ್ಮನಿರುವುದನ್ನು ಕಲಿಸಲು ವಾರಗಳೇ ಹಿಡಿದವು. ಮರಣ ಎಂಬ ಮಾತು ತನ್ನ ಮೂರಕ್ಷರಕ್ಕೆ ಮರಳಿತು. ಬ್ರದರ್ ಆ ಹಾಡಿಗೆ ಸೇರಿಸಿದ್ದರಲ್ಲಿ ಒಂದನ್ನೂ ನಾನು ಉಳಿಸಲಿಲ್ಲ.

ತಾಲೀಮು ಕೇಳಿ ಅಯ್ಯನವರಿಗೆ ಖುಷಿಯಾಯಿತು. "ಮೂರನೇ ನುಡೀನೂ ಈಗ ಬ್ಯಾಂಡಿನ್ಯಾಗ ಹಾಕ್ರಿ ಅಕ್ಕಾರ. ಹೋದ ವರ್ಷ ಅದಕ್ಕ ಎಷ್ಟು ನೊಂದಿದ್ರಿ," ಎಂದರು.

ಹಾಕಬಹುದಿತ್ತು. ಹಾರ್ಮೋನಿಯಂ ಮುಂದೆ ಕೂತು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಒಮ್ಮೆ ಹಾಡಿಯೂ ನೋಡಿದೆ. ಶ್ರುತಿ ಶುದ್ಧವಾಗಿತ್ತು. ಉಸಿರು ಎಲ್ಲಿಯೂ ತುಂಡಾಗಲಿಲ್ಲ. ಎದುರಿಗೆ ಕೂತ ಇಬ್ಬರು ಹುಡುಗಿಯರು ಕಣ್ಣೊರೆಸಿಕೊಂಡರು. ಅವರು ಕಣ್ಣೊರೆಸಿಕೊಂಡದ್ದು ಕಂಡು ನನಗೆ ಒಳಗೆ ಹಿಗ್ಗಾಯಿತು. ಅದೇ ಉಸಿರಿನಲ್ಲಿ ಇನ್ನೊಂದಿಷ್ಟು ಎಳೆದೆ. ಎಳೆದದ್ದು ನನ್ನ ಕಿವಿಗೇ ಕೇಳಿಸಿತು. ಮೈಕನ್ನು ದೂರ ಸರಿಸಿದೆ.

"ಬ್ಯಾಡ್ರಿ ಅಯ್ಯನೋರ," ಎಂದೆ. "ಅದನ್ನ ಹೆಂಗಸರು ನಡಕೋತ ಹಾಡ್ಲಿ. ಬ್ಯಾಂಡ್ ಸುಮ್ಮನ ನಿಲ್ಲಲಿ."

ಎಷ್ಟೋ ಪರೀಕ್ಷೆ ಕಟ್ಟಿದ್ದೇನೆ. ಏನನ್ನು ಹೇಗೆ ಹಾಡಬೇಕು ಎಂದು ಕಲಿಸಿದವರು ನನಗೆ ಬಹಳ ಜನ. ಯಾವುದನ್ನು ಬಿಡಬೇಕು ಎಂದು ಕಲಿಸಿದವನು ಆ ಚಮಕಿ ಜಾಕೀಟಿನವನೊಬ್ಬನೇ. ಈ ಋಣ ನನಗೆ ಹಿತವಾದದ್ದಲ್ಲ. ಆದರೂ ಇದೆ.

ಆ ಬೆಳಿಗ್ಗೆ ಇಂಡಿಯ ಸಮಾಧಿಗಳ ನಡುವೆ ನಮ್ಮ ಹೆಂಗಸರು ಬತ್ತಿ ಹಿಡಿದು ಹಾಡುತ್ತಾ ಬಂದರು. ಬ್ಯಾಂಡಿನವರು ಬೇಲಿಯ ಹತ್ತಿರ ಕೈಕಟ್ಟಿ ನಿಂತಿದ್ದರು. ಅವನ ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಹೆಂಡತಿ ಅದರ ತಲೆಯ ಕಡೆ ಬತ್ತಿ ಊರಿ, ಗಾಳಿಗೆ ಸೆರಗು ಅಡ್ಡ ಹಿಡಿದು, ಎಲ್ಲರ ಜೊತೆ ಮೂರನೆಯ ನುಡಿಯನ್ನು ಕೊನೆಯತನಕ ಹಾಡಿದಳು. ನುಡಿ ಮುಗಿಯಿತು. ಬೇಲಿಯ ಕಡೆಯಿಂದ ಹುಡುಗರು ನನ್ನ ಸನ್ನೆಗಾಗಿ ನೋಡುತ್ತಿದ್ದರು. ನಾನು ಕೊಡಲಿಲ್ಲ. ಇನ್ನಷ್ಟು ಹೊತ್ತು ಹೀಗೇ ಇರಲಿ ಎನ್ನಿಸಿತ್ತು.

ಅವಳೇ ತಲೆಯೆತ್ತಿ ನನ್ನನ್ನು ನೋಡಿದಳು. ಮೂಗು ಒರೆಸಿಕೊಂಡು ಹೇಳಿದಳು:

"ಇನ್ನ ಬ್ಯಾಂಡ್ ಹಚ್ಚಾಕ ಹೇಳ್ರಿ ಅಕ್ಕಾರ. ಇಷ್ಟೊತ್ತು ಸುಮ್ಮನ ಇರೂದು ನಮ್ಮ ಮನಿಯವ್ರಿಗೆ ಯಾವತ್ತೂ ಆಗ್ತಿದ್ದಿಲ್ಲ."